ಗೆಟ್: ಒಂದೇ ಪದ, ಹತ್ತಾರು ಕೆಲಸ

ಇಂಗ್ಲಿಷಿನ ‘ಗೆಟ್’ ಅಂದರೆ ‘ಪಡೆ’ ಎಂದಷ್ಟೇ ಉರು ಹೊಡೆದರೆ ಕೋಲಾರದ ಬಸ್ ಸ್ಟ್ಯಾಂಡೂ ದಾಟಲಾಗದು. ಅದರ ಮುಂದೆ ಏನು ಬಂದಿದೆ, ಅದನ್ನು ನೋಡಿ.

ನಾಮಪದವಿದ್ದರೆ ಹೆಚ್ಚಾಗಿ ‘ಸಿಗು’: ‘ಐ ಗಾಟ್ ಎ ಗುಡ್ ರೇಟ್’ (‘ಗಾಟ್’ ಎಂದರೆ ‘ಗೆಟ್’ನ ಭೂತಕಾಲ), ಟೊಮೆಟೊಗೆ ಒಳ್ಳೇ ರೇಟು ಸಿಕ್ಕಿತು. ಗುಣವಾಚಕವಿದ್ದರೆ ‘ಆಗು’: ‘ಗೆಟ್ ಆ್ಯಂಗ್ರಿ’, ಸಿಟ್ಟಾಗುವುದು. ‘ಟು’ ಜತೆ ಊರಿದ್ದರೆ ‘ತಲುಪು’: ‘ಗೆಟ್ ಟು ಮಾಲೂರು’. ಮನೆಗೆ ಮಾತ್ರ ‘ಟು’ ಬೇಡ, ‘ಗೆಟ್ ಹೋಮ್’ ಸಾಕು.

ನಮ್ಮವರು ಎಡವುವುದು ಗಾಡಿ ಹತ್ತುವಾಗ. ಕನ್ನಡದಲ್ಲಿ ಎಲ್ಲಕ್ಕೂ ಹತ್ತು, ಇಳಿ. ಇಂಗ್ಲಿಷಿನಲ್ಲಿ ಬಸ್ಸು, ರೈಲಿಗೆ ‘ಗೆಟ್ ಆನ್, ಗೆಟ್ ಆಫ್’. ಕಾರು, ಆಟೊಗೆ ‘ಗೆಟ್ ಇನ್, ಗೆಟ್ ಔಟ್’. ಒಳಗೆ ನಿಂತು ಓಡಾಡಬಹುದಾದರೆ ‘ಆನ್’, ಬಗ್ಗಿ ನುಗ್ಗಬೇಕಾದರೆ ‘ಇನ್’. ಬೈಕಿಗೂ ‘ಆನ್’, ಮೇಲೆ ಕೂರುತ್ತೇವಲ್ಲ! ಬರೀ ‘ಗೆಟ್ ಔಟ್’ ಎಂದು ಗದರಿದರೆ ‘ತೊಲಗಾಚೆ’ ಎಂದಂತೆ, ಜೋಕೆ.

ಇನ್ನು ನಮ್ಮ ‘ಇಸು’ ಪ್ರತ್ಯಯದ ಕೆಲಸ, ಅಂದರೆ ಬೇರೆಯವರಿಂದ ಮಾಡಿಸುವುದು. ಮೋಟಾರು ರಿಪೇರಿ ಮಾಡಿಸಿದೆ: ‘ಐ ಗಾಟ್ ದ ಮೋಟಾರ್ ರಿಪೇರ್ಡ್’. ವಸ್ತು ಮೊದಲು, ಕ್ರಿಯಾಪದದ ಮೂರನೇ ರೂಪ ಆಮೇಲೆ. ತಿರುಗಿಸಿ ‘ಗಾಟ್ ರಿಪೇರ್ಡ್ ದ ಮೋಟಾರ್’ ಎಂದರೆ ತಪ್ಪು. ‘ಗಾಟ್’ ಬಿಟ್ಟು ‘ಐ ರಿಪೇರ್ಡ್’ ಎಂದರೆ ಸ್ಪ್ಯಾನರ್ ಹಿಡಿದವರು ನೀವೇ ಎಂದಾಯಿತು.