ಕೋಡ್ ಬರೆಯುವ ಮುನ್ನ ಕರಾರು ಓದಿ: ಸರ್ಕಾರಕ್ಕೆ ಸಾಫ್ಟ್‌ವೇರ್ ಮಾರುವವರಿಗೆ

"ಕೆಲಸ ಸುರು ಮಾಡ್ರಿ, ಆರ್ಡರ್ ಹಿಂದಿಂದ ಬರ್ತದ" ಎಂಬ ಮಾತಿನ ಮೇಲೆ ಒಂದು ಸಾಲು ಕೋಡನ್ನೂ ಬರೆಯಬೇಡಿ. ಸಂವಿಧಾನದ 299ನೇ ವಿಧಿಯಂತೆ ರಾಜ್ಯ ಸರ್ಕಾರದ ಕರಾರು ರಾಜ್ಯಪಾಲರ ಹೆಸರಿನಲ್ಲಿ, ಅಧಿಕಾರವುಳ್ಳವರ ಸಹಿಯೊಂದಿಗೆ ಆಗಬೇಕು. ಹಾಗಿಲ್ಲದಿದ್ದರೆ ಒಪ್ಪಿದ ದರವನ್ನು ಕೋರ್ಟಿನಲ್ಲಿ ಕೇಳಲು ಬರುವುದಿಲ್ಲ. ಆಗ ಉಳಿಯುವುದು ಕರಾರು ಕಾಯ್ದೆಯ 70ನೇ ಕಲಂ ಮಾತ್ರ, ಅಂದರೆ ಇಲಾಖೆ ಪಡೆದ ಲಾಭಕ್ಕೆ ತಕ್ಕ ಪರಿಹಾರ. ಅರ್ಧಕ್ಕೆ ನಿಂತ ಸಾಫ್ಟ್‌ವೇರಿನಿಂದ ಇಲಾಖೆಗೆ ಲಾಭವಾಯಿತೆಂದು ಸಾಬೀತು ಮಾಡುವುದು ಬಹಳ ಕಷ್ಟ. ವಿದ್ಯುತ್ ಕಂಪನಿ ಜೆಸ್ಕಾಂ, ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮ, ಗುಲಬರ್ಗಾ ವಿಶ್ವವಿದ್ಯಾಲಯದಂಥವು ತಮ್ಮದೇ ಹೆಸರಿನಲ್ಲಿ ಕರಾರು ಮಾಡುತ್ತವೆ, ಅವಕ್ಕೆ 299 ತಾಗದು. ಅಲ್ಲಿ ಸಹಿ ಹಾಕಿದವರಿಗೆ ಅಷ್ಟು ಮೊತ್ತದ ಅಧಿಕಾರವಿದೆಯೇ ಎಂದು ನೋಡಿ.

ಆದೇಶ ಕೈಗೆ ಬಂದಾಗ ಅದರಲ್ಲಿ ಎರಡು ಸಂಗತಿ ಹುಡುಕಿ. ಮೊದಲನೆಯದು, ಖರೀದಿಯ ಆಧಾರ: 1999ರ ಕೆಟಿಪಿಪಿ ಕಾಯ್ದೆಯಡಿ (ರಾಜ್ಯದ ಸರ್ಕಾರಿ ಖರೀದಿಯ ಪಾರದರ್ಶಕತೆ ಕಾಯ್ದೆ) ಟೆಂಡರ್ ಸಂಖ್ಯೆ, ಅಥವಾ 4ನೇ ಕಲಮಿನ ಯಾವ ವಿನಾಯಿತಿ ಎಂಬುದು. 4(ಜಿ) ವಿನಾಯಿತಿ ಎಂದಿದ್ದರೆ ಸರ್ಕಾರದ ಅಧಿಸೂಚನೆಯ ಪ್ರತಿ ಕೇಳಿ ಪಡೆಯಿರಿ. ಎರಡನೆಯದು, ಲೆಕ್ಕ ಶೀರ್ಷಿಕೆ, ಅಂದರೆ ದುಡ್ಡು ಬಜೆಟ್‌ನ ಯಾವ ಬಾಬ್ತಿನಿಂದ ಬರುತ್ತದೆ ಎಂಬುದು. ಅನುದಾನ ಮಾರ್ಚ್ 31ಕ್ಕೆ ಮುಗಿಯುವುದಾದರೆ ಏಪ್ರಿಲ್‌ನಲ್ಲಿ ಕೊಟ್ಟ ಬಿಲ್ಲಿಗೆ ದುಡ್ಡು ಎಲ್ಲಿಂದ ಎಂಬುದನ್ನು ಈಗಲೇ ಬರಹದಲ್ಲಿ ಕೇಳಿ. ಆಳಂದ ತಾಲ್ಲೂಕಿನ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಂಥ ಕೇಂದ್ರದ ಸಂಸ್ಥೆಗಳಿಗೆ ಕೆಟಿಪಿಪಿ ಅಲ್ಲ, 2017ರ ಸಾಮಾನ್ಯ ಹಣಕಾಸು ನಿಯಮಗಳು ಮತ್ತು ಕೇಂದ್ರದ ಖರೀದಿ ತಾಣವಾದ ಜೆಮ್ ಪೋರ್ಟಲ್.

ಇನ್ನು ಕೋಡ್ ಯಾರದು ಎಂಬ ಪ್ರಶ್ನೆ. ಹೆಚ್ಚು ನಷ್ಟವಾಗುವುದು ಇಲ್ಲೇ, ಅದೂ ಕೆಲಸ ಚೆನ್ನಾಗಿ ಮಾಡಿದವರಿಗೆ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಸಾಹಿತ್ಯ ಕೃತಿಯೇ. ಖಾಸಗಿ ಗಿರಾಕಿಗೆ ಬರೆದುಕೊಟ್ಟರೆ, ಬೇರೆ ಮಾತಾಗದ ಹೊರತು ಹಕ್ಕು ನಿಮ್ಮಲ್ಲೇ ಉಳಿಯುತ್ತದೆ. ಸರ್ಕಾರದ ನಿರ್ದೇಶನ ಅಥವಾ ನಿಯಂತ್ರಣದಲ್ಲಿ ಮಾಡಿದ ಕೃತಿಗೆ ಮಾತ್ರ 17ನೇ ಕಲಂ ಉಲ್ಟಾ ಹೇಳುತ್ತದೆ: ಬೇರೆ ಕರಾರು ಇಲ್ಲದಿದ್ದರೆ ಮೊದಲ ಮಾಲೀಕ ಸರ್ಕಾರ. ಅಂದರೆ ಕರಾರು ಸುಮ್ಮನಿದ್ದರೆ ಸೋಲುವವರು ನೀವು.

ಬೀದರ್‌ನ ಇಲಾಖೆಯೊಂದಕ್ಕೆ ಹಾಸ್ಟೆಲ್ ಹಾಜರಾತಿಯ ತಂತ್ರಾಂಶ ಮಾಡುತ್ತೀರಿ ಅನ್ನಿ. ಅದರೊಳಗಿನ ಲಾಗಿನ್, ಕನ್ನಡ ವರದಿ ತಯಾರಿಸುವ ಭಾಗಗಳನ್ನು ನೀವು ಎರಡು ವರ್ಷ ಮೊದಲೇ ಬರೆದಿದ್ದೀರಿ. "ಸಮಸ್ತ ಮೂಲ ಕೋಡ್ ಇಲಾಖೆಯ ಸ್ವತ್ತು" ಎಂಬ ಷರತ್ತಿಗೆ ಸಹಿ ಹಾಕಿದರೆ ಆ ಹಳೆಯ ಭಾಗವೂ ಹೋಯಿತು. ನಾಳೆ ಅದನ್ನೇ ಯಾದಗಿರಿಯಲ್ಲಿ ಮಾರಿದರೆ ಕೃತಿಸ್ವಾಮ್ಯ ಉಲ್ಲಂಘನೆಯ ಆರೋಪ ಬರಬಹುದು. ಆದ್ದರಿಂದ ಕರಾರಿಗೆ ಅನುಬಂಧವೊಂದನ್ನು ಸೇರಿಸಿ. ಮೊದಲೇ ಇದ್ದ ಭಾಗಗಳ ಹೆಸರು, ಆವೃತ್ತಿ, ದಿನಾಂಕ ಅಲ್ಲಿರಲಿ. ಅವುಗಳಿಗೆ ಇಲಾಖೆಗೆ ಶಾಶ್ವತ ಬಳಕೆಯ ಪರವಾನಗಿ, ಹೊಸದಾಗಿ ಬರೆದದ್ದಕ್ಕೆ ಮಾತ್ರ ಮಾಲೀಕತ್ವ. ಜಿಪಿಎಲ್ ಪರವಾನಗಿಯ ಮುಕ್ತ ತಂತ್ರಾಂಶ ಬಳಸಿದ್ದರೆ ಅದನ್ನೂ ಪಟ್ಟಿ ಮಾಡಿ. ನಿಮ್ಮದಲ್ಲದ್ದರ ಪೂರ್ಣ ಮಾಲೀಕತ್ವದ ಭರವಸೆ ಕೊಡಬೇಡಿ. ಇದೇ ಕಾರಣಕ್ಕೆ ಹೊರಗಿನ ಪ್ರೋಗ್ರಾಮರ್‌ಗಳಿಂದಲೂ ಸಹಿ ಮಾಡಿದ ಹಕ್ಕು ವರ್ಗಾವಣೆ ಪತ್ರ ಬೇಕು. ಅದರಲ್ಲಿ ಅವಧಿ ಬರೆಯದಿದ್ದರೆ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಂ ಪ್ರಕಾರ ವರ್ಗಾವಣೆ 5 ವರ್ಷಕ್ಕಷ್ಟೇ.

ಇವನ್ನೆಲ್ಲ ಕೇಳುವ ಹೊತ್ತು, ಬಿಡ್ ಹಾಕುವ ಮುನ್ನ ಇಲಾಖೆ ಕರೆಯುವ ಬಿಡ್‌ಪೂರ್ವ ಸಭೆ. ಪ್ರಶ್ನೆಯನ್ನು ಲಿಖಿತವಾಗಿ ಕೊಡಿ, ಉತ್ತರ ಟೆಂಡರ್ ತಿದ್ದುಪಡಿಯಾಗಿ ಪೋರ್ಟಲ್‌ನಲ್ಲಿ ಬರಲಿ. ಬಿಡ್ಡಿನೊಳಗೆ ನಿಮ್ಮ ಷರತ್ತು ಸೇರಿಸಿದರೆ ಬಿಡ್ಡೇ ತಿರಸ್ಕೃತವಾಗಬಹುದು.

ಸ್ವೀಕೃತಿ ಪರೀಕ್ಷೆಯಲ್ಲಿ ಏನು ಪಾಸಾಗಬೇಕೆಂದು ಮೊದಲೇ ಬರೆಸಿ. ನುಡಿ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಟೈಪಾದ ದಾಖಲೆಗಳನ್ನು ಯುನಿಕೋಡ್‌ಗೆ ತಿರುಗಿಸುವಾಗ ಒತ್ತಕ್ಷರ, ಅರ್ಕಾವತ್ತು ಕೆಡುತ್ತವೆ. ಆ ಕೆಲಸ ದಾಖಲೆಗಳ ಸಂಖ್ಯೆಯೊಂದಿಗೆ ಪ್ರತ್ಯೇಕ ಹಂತವಾಗಿರಲಿ. ಇಲಾಖೆ ದತ್ತಾಂಶ ಕೊಡಬೇಕಾದ ದಿನಾಂಕವೂ ಇರಲಿ. ಅವರು ತಡಮಾಡಿದ ವಾರವೇ ಪತ್ರ ಬರೆಯಿರಿ. ವಿಳಂಬ ದಂಡದ ಮೊತ್ತ ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ ಗರಿಷ್ಠ ಮಿತಿ ಮಾತ್ರ, ಕೋರ್ಟ್ ಕೊಡಿಸುವುದು ನ್ಯಾಯವಾದ ಪರಿಹಾರ. ಆದರೆ ಇಲಾಖೆ ಮೊದಲು ಬಿಲ್ಲಿನಲ್ಲೇ ಕಡಿತ ಮಾಡುತ್ತದೆ. ಆ ದಿನ ಕೆಲಸಕ್ಕೆ ಬರುವುದು ಟಪಾಲಿನ ಮುದ್ರೆ ಬಿದ್ದ ನಿಮ್ಮ ಪತ್ರವೇ.

ಟೆಂಡರ್‌ಗೆ ಮುಂಚೆಯೇ ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿಯಾದ ಉದ್ಯಮ್ ನೋಂದಣಿ ಮಾಡಿಸಿ. ಕರಾರಾದ ಮೇಲೆ ಮಾಡಿಸಿದರೆ ಹಳೆಯ ಬಾಕಿಗೆ ರಕ್ಷಣೆ ಸಿಗುವುದು ಅನುಮಾನ. 2006ರ ಎಂಎಸ್‌ಎಂಇ ಕಾಯ್ದೆಯಂತೆ ಸೂಕ್ಷ್ಮ, ಸಣ್ಣ ಉದ್ಯಮಕ್ಕೆ ಪಾವತಿಯ ಗಡುವು 45 ದಿನ ಮೀರುವಂತಿಲ್ಲ. ಮೀರಿದರೆ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ತಿಂಗಳಿಗೊಮ್ಮೆ ಚಕ್ರಬಡ್ಡಿಯಾಗಿ. ಸೇವೆ ಕೊಟ್ಟ 15 ದಿನದೊಳಗೆ ಲಿಖಿತ ಆಕ್ಷೇಪಣೆ ಬರದಿದ್ದರೆ ಸ್ವೀಕರಿಸಿದಂತೆಯೇ ಲೆಕ್ಕ. ದೂರು ಎಂಎಸ್‌ಎಂಇ ಸಚಿವಾಲಯದ ಆನ್‌ಲೈನ್ ಪೋರ್ಟಲ್‌ನಲ್ಲಿ.

ಜಿಎಸ್‌ಟಿ ಶೇ 18. ಇಲಾಖೆ ದುಡ್ಡು ಕೊಡಲಿ ಬಿಡಲಿ, ಬಿಲ್ ಮಾಡಿದ ಮೇಲೆ ತೆರಿಗೆ ಕಟ್ಟಲೇಬೇಕು. ಹಾಗಾಗಿ ಹಂತ ಮುಗಿಯುವುದೆಂದರೆ ಇಲಾಖೆ ಸ್ವೀಕೃತಿ ಪತ್ರಕ್ಕೆ ಸಹಿ ಹಾಕುವುದು ಎಂದೇ ಕರಾರಿನಲ್ಲಿ ಬರೆಸಿ. ಕರಾರಿನ ಮೌಲ್ಯ 2.5 ಲಕ್ಷ ರೂಪಾಯಿ ಮೀರಿದರೆ ಶೇ 2 ಜಿಎಸ್‌ಟಿ ಟಿಡಿಎಸ್ ಕಡಿತವಾಗುತ್ತದೆ. ಜಿಎಸ್‌ಟಿ ಪೋರ್ಟಲ್‌ನಲ್ಲಿ ನೀವು ಒಪ್ಪಿದ ಮೇಲೆಯೇ ಅದು ನಿಮ್ಮ ನಗದು ಲೆಡ್ಜರ್‌ಗೆ ಬರುತ್ತದೆ.

ನಾಗರಿಕರ ದತ್ತಾಂಶ ಸೋರಿದರೆ ಗಮನಕ್ಕೆ ಬಂದ 6 ಗಂಟೆಯೊಳಗೆ ಕೇಂದ್ರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಬೇಕು, ಲಾಗ್‌ಗಳನ್ನು 180 ದಿನ ಇಡಬೇಕು. ಇದು 2022ರ ಏಪ್ರಿಲ್ 28ರ ನಿರ್ದೇಶನ. ಮಿತಿಯಿಲ್ಲದ ನಷ್ಟಭರ್ತಿ ಷರತ್ತಿಗೆ ಒಪ್ಪಬೇಡಿ, ಕರಾರಿನ ಮೊತ್ತಕ್ಕೆ ಮಿತಿ ಕೇಳಿ.

ಟೆಂಡರ್ ಅಂಗೀಕಾರದ ಆದೇಶದ ವಿರುದ್ಧ ಕೆಟಿಪಿಪಿ 16ನೇ ಕಲಮಿನ ಮೇಲ್ಮನವಿಗೆ 30 ದಿನ. ಕಲಬುರಗಿ ಭಾಗದಲ್ಲಾದರೆ ರಿಟ್ ಅರ್ಜಿ ಹೈಕೋರ್ಟಿನ ಕಲಬುರಗಿ ಪೀಠಕ್ಕೆ, ಆದರೆ ಬರೀ ಬಾಕಿ ಹಣದ ತಕರಾರಿಗೆ ರಿಟ್ ಸಾಮಾನ್ಯವಾಗಿ ನಿಲ್ಲದು. ಸರ್ಕಾರದ ಮೇಲೆ ದಾವೆಗೆ ಮುನ್ನ ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಂ ನೋಟಿಸ್ ಕೊಟ್ಟು 2 ತಿಂಗಳು ಕಾಯಬೇಕು. ಒಟ್ಟು ಕಾಲಮಿತಿ ಸಾಮಾನ್ಯವಾಗಿ 3 ವರ್ಷ. ಮಧ್ಯಸ್ಥಿಕೆ ಷರತ್ತಿದ್ದರೆ ಅದರ ಪೀಠಸ್ಥಾನ ನೋಡಿ: ಬೆಂಗಳೂರು ಎಂದಿದ್ದರೆ ಅದಕ್ಕೆ ಸಂಬಂಧಿಸಿದ ಕೋರ್ಟ್ ಅರ್ಜಿಗಳಿಗೂ ಬೆಂಗಳೂರಿಗೇ ಓಡಾಡಬೇಕು. ಕಲಬುರಗಿ ಎಂದು ಬರೆಯಲು ಬಿಡ್‌ಪೂರ್ವ ಸಭೆಯಲ್ಲೇ ಕೇಳಿ.