ಸಾಲಿನಲ್ಲಿ ಹೆದರುತ್ತಿದ್ದ ಮಗಳು ನೈಟ್ರೋ ಹತ್ತಿದ್ದು

ಕಳೆದ ಫೆಬ್ರವರಿಯ ಒಂದು ಸೋಮವಾರ ಮಧ್ಯಾಹ್ನ, ಮೂರೂವರೆಯ ಹೊತ್ತಿಗೆ, ನನ್ನ ಮಗಳು ಮುಂಬೈ-ಪುಣೆ ನಡುವಿನ ಖೋಪೋಲಿಯ ಇಮ್ಯಾಜಿಕಾ ಮನರಂಜನಾ ಪಾರ್ಕಿನಲ್ಲಿ ನೈಟ್ರೋ ಎಂಬ ದೊಡ್ಡ ರೋಲರ್ ಕೋಸ್ಟರ್ ಹತ್ತಿ ಇಳಿದಳು. ಅವಳಿಗೆ ಹನ್ನೆರಡು ವರ್ಷ. ಇಳಿದು ನೀರು ಕುಡಿದವಳೇ "ಅಮ್ಮ, ಇನ್ನೊಂದು ಸಲ" ಎಂದಳು. ಪುಣೆಯಲ್ಲಿರುವ ನಮ್ಮ ಅತ್ತಿಗೆ ಎರಡು ವರ್ಷದಿಂದ ಹೇಳುತ್ತಿದ್ದದ್ದು ಒಂದೇ ಮಾತು: "ಆ ಹುಡುಗಿಯನ್ನು ಅವಳ ಪಾಡಿಗೆ ಬಿಡು ಮಾರಾಯ್ತಿ, ಸುಮ್ಮನೆ ದುಡ್ಡು ದಂಡ." ನಮ್ಮನೆಯವರಿಗೂ ನಂಬಿಕೆ ಇರಲಿಲ್ಲ. ಕೆಲಸ ಆದ ಮೇಲೆ ಇಬ್ಬರೂ ಹೇಗೆ ಮಾಡಿದೆ ಎಂದು ಕೇಳಿದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಓದುವವರು ನೀವೂ ಮನೆಮಂದಿಯನ್ನು ಕಟ್ಟಿಕೊಂಡು ಇಂಥ ಕಡೆ ಹೋಗುವವರೇ, ಹಾಗಾಗಿ ಟೋಪಿ, ಲಾಕರ್, ಬದಲಿ ಬಟ್ಟೆಯ ಮಾತು ಬಿಡುತ್ತೇನೆ.

ಮೊದಲು ಸೋತ ಕಥೆ. ಅವಳಿಗೆ ಏಳು ವರ್ಷವಿದ್ದಾಗ ಕಡಲ ಬದಿಯ ಒಂದು ಜಾತ್ರೆಯಲ್ಲಿ ಜಾಯಿಂಟ್ ವೀಲ್ ಹತ್ತಿಸಿದೆವು. ಕೆಳಗೆ ಜನ ಹತ್ತಲೆಂದು ಚಕ್ರ ನಿಂತಾಗ ನಮ್ಮ ತೊಟ್ಟಿಲು ತುತ್ತತುದಿಯಲ್ಲಿತ್ತು. ಎರಡೇ ನಿಮಿಷ ಇರಬಹುದು. ಅವಳು ಅತ್ತ ಅಳು ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಮನೆಗೆ ಬರುವವರೆಗೂ ನಿಲ್ಲಲಿಲ್ಲ. ಆಮೇಲೆ ಎರಡು ವರ್ಷ ಎಸ್ಕಲೇಟರ್‌ಗೂ ಕಾಲಿಡಲಿಲ್ಲ.

ಎರಡನೆಯದು ದೀಪಾವಳಿ ರಜೆಯ ಪಿಕ್‌ನಿಕ್. ನಾಲ್ಕು ಜನ, ತಲೆಗೆ 1400ರ ಆಸುಪಾಸು ಟಿಕೆಟ್, ಬಾಡಿಗೆ ಕಾರು, ಊಟ, ಎಲ್ಲ ಸೇರಿ 9000 ದಾಟಿತು. ದೊಡ್ಡ ಕೋಸ್ಟರಿನ ಸಾಲಿನಲ್ಲಿ ಮುಕ್ಕಾಲು ಗಂಟೆ ನಿಂತೆವು. ಮೆಟ್ಟಿಲ ತುದಿ ತಲುಪುವಷ್ಟರಲ್ಲಿ ಅವಳ ಕೈ ಐಸಿನಂತೆ ತಣ್ಣಗಾಗಿತ್ತು. ಹಿಂತಿರುಗಿದೆವು. ಆ ದಿನವೆಲ್ಲ ಬೆಂಚಿನ ಮೇಲೆ ಬ್ಯಾಗು ಕಾಯುತ್ತಾ ಕೂತಳು. ಅವಳ ಅಣ್ಣ ಪ್ರತಿ ರೈಡ್ ಮುಗಿಸಿ ಬಂದು "ಏನೂ ಇಲ್ಲ, ಹೆದರುಪುಕ್ಕಲಿ" ಎಂದು ಛೇಡಿಸುತ್ತಿದ್ದ. ಆ ಮಾತನ್ನು ತಡೆಯದೇ ಇದ್ದದ್ದು ನನ್ನ ತಪ್ಪು. ಈಗಲೂ ನೆನಪಾದರೆ ಸಂಕಟವಾಗುತ್ತದೆ.

ಮರುವರ್ಷ ಸಾಲೇ ಬೇಡವೆಂದು ಎಕ್ಸ್‌ಪ್ರೆಸ್ ಪಾಸ್ ತೆಗೆದೆ. ಖರ್ಚು 12,000ದ ಹತ್ತಿರ ಹೋಯಿತು. ಐದೇ ನಿಮಿಷಕ್ಕೆ ಪ್ಲಾಟ್‌ಫಾರ್ಮ್ ತಲುಪಿದೆವು, ಅಲ್ಲಿ ಅವಳು ಕಂಬ ಹಿಡಿದು ನಿಂತುಬಿಟ್ಟಳು. ನನ್ನ ಬಾಯಿಂದ "ಇಷ್ಟು ದುಡ್ಡು ಕೊಟ್ಟಿದ್ದೇವೆ, ಹತ್ತು" ಎಂಬ ಮಾತು ಬಂತು. ಅದಕ್ಕಿಂತ ಕೆಟ್ಟ ಮಾತನ್ನು ಆ ಕ್ಷಣದಲ್ಲಿ ಆಡಲು ಸಾಧ್ಯವಿರಲಿಲ್ಲ. ಹೆದರಿಕೆಯ ಮೇಲೆ ಅಪ್ಪನ ಸಂಬಳದ ಭಾರವನ್ನೂ ಹೊರಿಸಿದ ಹಾಗಾಯಿತು. ವಾಪಸ್ ಬರುವಾಗ ಖೋಪೋಲಿ ಲೋಕಲ್‌ನಲ್ಲಿ "ನನ್ನ ಟಿಕೆಟ್ ದುಡ್ಡು ವಾಪಸ್ ಕೊಡುತ್ತಾರಾ?" ಎಂದು ಕೇಳಿದಳು.

ಆ ಪ್ರಶ್ನೆ ಕೇಳಿದ ಮೇಲೆ ಒಂದು ನೂರು ಪುಟದ ನೋಟ್‌ಬುಕ್ ತಂದು ಮೂರು ಕಾಲಂ ಗೀಟು ಹಾಕಿದೆ: ಮೊದಲು, ನಡುವೆ, ಆಮೇಲೆ. ಹೆದರಿಕೆಗೆ ಸೊನ್ನೆಯಿಂದ ಹತ್ತರವರೆಗೆ ಅಂಕ. ಎಸ್ಕಲೇಟರ್, ಮಾಲ್‌ನ ಗಾಜಿನ ಲಿಫ್ಟ್, ಪಾರ್ಕಿನ ಜಾರುಬಂಡೆ, ಹಲ್ಲಿನ ಡಾಕ್ಟರರ ಕುರ್ಚಿ, ಯಾವುದಾದರೂ ಸರಿ, ಅಂಕ ಅವಳೇ ಬರೆಯಬೇಕು, ನಾನು ಒಂದು ಮಾತೂ ಆಡಬಾರದು. ಮೂರು ವಾರದಲ್ಲಿ ನಲವತ್ತರಷ್ಟು ಸಾಲು ತುಂಬಿದವು. ನೋಡಿದರೆ ಹೆಚ್ಚುಕಡಿಮೆ ಎಲ್ಲದಕ್ಕೂ ಒಂದೇ ರೀತಿ: ಮೊದಲು 8 ಅಥವಾ 9, ನಡುವೆ 5, ಆಮೇಲೆ 2. ಅಂದರೆ ಅವಳ ಹೆದರಿಕೆ ಬೆಳೆಯುತ್ತಿದ್ದದ್ದು ಕಾಯುವ ಹೊತ್ತಿನಲ್ಲಿ. ಕೂತ ಮೇಲೆ ಅದು ಅರ್ಧಕ್ಕೆ ಇಳಿಯುತ್ತಿತ್ತು. ನಾವು ಇಷ್ಟು ವರ್ಷ ರೈಡ್ ಹತ್ತಿಸಲು ಒದ್ದಾಡಿದ್ದೆವು. ಕಲಿಸಬೇಕಾದದ್ದು ಸಾಲಿನಲ್ಲಿ ನಿಲ್ಲುವುದನ್ನು, ಅದಕ್ಕೂ ಮೊದಲು ಸಾಲಿನಿಂದ ಹೊರಗೆ ಬರುವುದನ್ನು.

ನಾಲ್ಕು ತಿಂಗಳು ಅದನ್ನೇ ಮಾಡಿದೆವು. ಸಾಲಿನಲ್ಲಿ ನಿಲ್ಲುವುದು, ಅವಳು ನನ್ನ ಕೈಯನ್ನು ಎರಡು ಸಲ ಒತ್ತಿದರೆ ಯಾಕೆ ಏನು ಎನ್ನದೆ ಹೊರಗೆ ಬರುವುದು, ಬಂದ ಮೇಲೂ ಕೇಳದಿರುವುದು. ಡೊಂಬಿವಲಿ ಸ್ಟೇಷನ್ನಿನ ಟಿಕೆಟ್ ಕೌಂಟರು, ಸಿನಿಮಾ ಕೌಂಟರು, ಗೇಟ್‌ವೇ ಆಫ್ ಇಂಡಿಯಾದ ದೋಣಿ ಸಾಲು, ಎಲ್ಲ ಕಡೆ. ಮೊದಮೊದಲು ಬೇಕೆಂದೇ ಒತ್ತುತ್ತಿದ್ದಳು, ಅಮ್ಮ ನಿಜವಾಗಿ ಹೊರಗೆ ಬರುತ್ತಾಳೋ ಇಲ್ಲವೋ ನೋಡಲು. ಒಂದು ಭಾನುವಾರ ಹನ್ನೊಂದು ಸಲ ಒತ್ತಿದಳು, ಹನ್ನೊಂದು ಸಲವೂ ಬಂದೆ. ಆ ವಾರದ ನಂತರ ಒತ್ತುವುದು ತಾನಾಗಿ ಕಡಿಮೆಯಾಯಿತು. ದೇವಸ್ಥಾನದ ಸಾಲನ್ನು ಮಾತ್ರ ಇದಕ್ಕೆ ಬಳಸಲಿಲ್ಲ. "ದೇವರ ಎದುರಿನ ಸಾಲು ಬಿಟ್ಟು ಬರಬಾರದು" ಎಂದು ಅತ್ತೆ ಹೇಳಿದರು, ಅವರ ಮಾತು ನನಗೂ ಸರಿ ಕಂಡಿತು.

ಇನ್ನೊಂದು ಹೊಟ್ಟೆಯ ವಿಷಯ. ಬೀಳುವಾಗ ಹೊಟ್ಟೆಯಲ್ಲಿ ಜುಮ್ ಎನ್ನುತ್ತದಲ್ಲ, ಅವಳು ಅದನ್ನೇ ವಾಂತಿ ಬರುವ ಸೂಚನೆ ಎಂದುಕೊಂಡಿದ್ದಳು. ಎರಡೂ ಬೇರೆ. ವಾಂತಿಯ ತೊಂದರೆ ಹೆಚ್ಚಾಗಿ ಗರಗರ ತಿರುಗುವ ಆಟಗಳದ್ದು, ಕಿವಿಯೊಳಗಿನ ಸಮತೋಲನದ ಅಂಗ ಹೇಳುವುದಕ್ಕೂ ಕಣ್ಣು ಹೇಳುವುದಕ್ಕೂ ತಾಳೆ ಬೀಳದಿದ್ದಾಗ ಆಗುವುದು. ಜುಮ್ ಎನ್ನುವುದು ಬೀಳುವಿಕೆಯದ್ದು, ಅರೆಕ್ಷಣಕ್ಕೆ ಮುಗಿಯುತ್ತದೆ. ಇದಕ್ಕೆ ಜೋಕಾಲಿಗಿಂತ ಒಳ್ಳೆಯ ಸಾಧನ ನನಗೆ ಸಿಗಲಿಲ್ಲ. ಬೆಳಿಗ್ಗೆ ಆರೂವರೆಗೆ, ಬೇರೆ ಮಕ್ಕಳು ಬರುವ ಮುಂಚೆ, ಮನೆ ಹತ್ತಿರದ ಉದ್ಯಾನದಲ್ಲಿ ಜೋರಾಗಿ ಜೀಕುವುದು. ಮೇಲಿನಿಂದ ಇಳಿಯುವಾಗ ಹೊಟ್ಟೆ ಬಿಗಿ ಹಿಡಿದು, ಬಾಯಿ ತೆರೆದು, "ಹಾ" ಎಂದು ಉಸಿರು ಪೂರ್ತಿ ಹೊರಗೆ ಬಿಡಬೇಕು. ಉಸಿರು ಕಟ್ಟಿದರೆ ಜುಮ್ ಹೆಚ್ಚು, ಬಿಟ್ಟರೆ ಕಡಿಮೆ, ಕಣ್ಣು ಮುಚ್ಚಿದರೆ ದುಪ್ಪಟ್ಟು. ಇದೆಲ್ಲ ಅವಳೇ ಕಂಡುಕೊಂಡು ಪುಸ್ತಕದಲ್ಲಿ ಬರೆದದ್ದು. ಒಂದು ರೂಪಾಯಿ ಖರ್ಚಿಲ್ಲ.

ನಡುನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ರೈಡಿನ ಮುಂದಿನ ಸೀಟಿನಿಂದ ತೆಗೆದ ವಿಡಿಯೋ ತೋರಿಸಿದ್ದು ಪೂರ್ತಿ ಕೈಕೊಟ್ಟಿತು, ಆ ರಾತ್ರಿ ಅವಳಿಗೆ ನಿದ್ದೆ ಬರಲಿಲ್ಲ. ಯಾರೋ ಹೇಳಿದರೆಂದು ವಾಂತಿ ತಡೆಯುವ ಮಾತ್ರೆ ಕೊಟ್ಟು ಎಲಿಫೆಂಟಾ ಗುಹೆಗಳ ದ್ವೀಪಕ್ಕೆ ಕರೆದುಕೊಂಡು ಹೋದೆ. ಹೋಗುವ ಒಂದು ಗಂಟೆಯ ದೋಣಿಯಲ್ಲಿ ನಿದ್ದೆ, ಗುಹೆಯ ಮೆಟ್ಟಿಲ ಮೇಲೆ ನಿದ್ದೆ, ಬರುವಾಗಲೂ ನಿದ್ದೆ. ತಲೆಗೆ 250ರಿಂದ 300 ಕೊಟ್ಟ ದೋಣಿ ಪಾಠ ಹಾಗೇ ಹೋಯಿತು. ಎರಡನೇ ಸಲ ಮಾತ್ರೆ ಇಲ್ಲದೆ, ದೋಣಿಯ ಮೇಲಿನ ಅಟ್ಟದಲ್ಲಿ, ಒಂದು ಚೂರು ಶುಂಠಿ ಬಾಯಲ್ಲಿಟ್ಟುಕೊಂಡು ಹೋದಳು: 6, 3, 0. ನೇರಳದಿಂದ ಮಾಥೆರಾನ್ ಹತ್ತುವ ಪುಟ್ಟ ರೈಲಿಗೆ ಅತ್ತೆಯನ್ನೂ ಕರೆದೊಯ್ದೆವು. 1907ರಿಂದ ಇರುವ ರೈಲು, ಎರಡೇ ಅಡಿ ಅಗಲದ ಹಳಿ, ಸುಮಾರು 21 ಕಿಲೋಮೀಟರ್ ದಾರಿ, ಪಕ್ಕದಲ್ಲೇ ಕಣಿವೆ. ಆ ದಿನ ಕಿಟಕಿ ಬದಿ ಕೂತು ಹೆದರಿದವರು ಅತ್ತೆ. ಅವರ ಕೈ ಹಿಡಿದು "ಅಜ್ಜಿ, ಉಸಿರು ಬಿಡಿ, ಹಾ ಅನ್ನಿ" ಎಂದು ಹೇಳಿಕೊಟ್ಟವಳು ಇವಳು. ಇನ್ನೊಬ್ಬರಿಗೆ ಕಲಿಸಿದ ಮೇಲೆ ಅವಳ ನಡಿಗೆಯೇ ಬದಲಾಯಿತು. ಇದನ್ನು ನಾನು ಯೋಜಿಸಿ ಮಾಡಿದ್ದಲ್ಲ, ಆದರೆ ಮುಂದೆ ಯಾರಿಗೆ ಮಾಡಿದರೂ ಬಿಡುವುದಿಲ್ಲ.

ಕೋಸ್ಟರ್ ಮೇಲೇರುವಾಗಿನ ಟಕಟಕ ಸದ್ದು ಅವಳಿಗೆ ಆಗುತ್ತಿರಲಿಲ್ಲ, ಏನೋ ಮುರಿಯುತ್ತಿದೆ ಎನ್ನುತ್ತಿದ್ದಳು. ಅಣ್ಣನನ್ನು ಈ ಕೆಲಸಕ್ಕೆ ಹಚ್ಚಿದೆ, ಛೇಡಿಸುವುದಕ್ಕೆ ಇದೇ ಪ್ರಾಯಶ್ಚಿತ್ತ ಎಂದೆ. ಬಾಲ್ಕನಿಯಲ್ಲಿ ಸೈಕಲ್ ತಲೆಕೆಳಗು ಮಾಡಿ, ಪೆಡಲ್ ಹಿಂದಕ್ಕೆ ತಿರುಗಿಸಿ, ಫ್ರೀವೀಲ್‌ನ ಟಿಕ್‌ಟಿಕ್ ಕೇಳಿಸಿದ. ಒಳಗಿನ ಕೊಂಡಿ ಹಲ್ಲುಗಳ ಮೇಲೆ ಬಿದ್ದು ಬಿದ್ದು ಬರುವ ಸದ್ದು ಅದು. ಕೋಸ್ಟರಿನ ಏರಿನಲ್ಲೂ ಅಂಥದೇ ಕೊಂಡಿ ಇರುತ್ತದೆ, ಎಳೆಯುವ ಸರಪಳಿ ನಿಂತರೂ ಗಾಡಿ ಹಿಂದಕ್ಕೆ ಜಾರದಂತೆ ಹಿಡಿಯುತ್ತದೆ. ಟಕ್ ಎಂದರೆ ಹಿಡಿದುಕೊಂಡಿದೆ ಎಂದು ಅರ್ಥ. ಒಂದು ಸಂಜೆಯಲ್ಲಿ ಆ ಭಯ ಹೋಯಿತು.

ಈ ನಾಲ್ಕು ತಿಂಗಳ ಖರ್ಚು ದೋಣಿ, ರೈಲು, ತಿಂಡಿ ಸೇರಿ 3000 ಒಳಗೆ. ಹಿಂದಿನ ಎರಡು ಸೋಲಿಗೆ ಸುರಿದ 21,000ಕ್ಕೆ ಹೋಲಿಸಿ ನೋಡಿ.

ನಮ್ಮನೆಯವರು ಮಾಟುಂಗದ ಹೋಟೆಲಿನಲ್ಲಿ ಮ್ಯಾನೇಜರ್, ಸೋಮವಾರ ರಜೆ. ಅದೇ ಅನುಕೂಲವಾಯಿತು. ಶಾಲೆಗೆ ಒಂದು ದಿನ ರಜೆ ಹಾಕಿಸಿದೆ. ಮಳೆಗಾಲ ಬೇಡವೆಂದು ಫೆಬ್ರವರಿ ಹಿಡಿದೆ. ಖೋಪೋಲಿ ಬೋರ್ ಘಾಟಿನ ಬುಡ, ಅಲ್ಲಿಯ ಮಳೆ ನಿಮಗೆ ಗೊತ್ತಲ್ಲ. ಅತ್ತೆ ಮೊದಲು ಒಪ್ಪಲಿಲ್ಲ. 2013ರಲ್ಲಿ ಇಮ್ಯಾಜಿಕಾ ಶುರು ಮಾಡಿದ್ದು ಸಿನಿಮಾ ಕಂಪನಿ ಆಡ್‌ಲ್ಯಾಬ್ಸ್‌ನ ಮನಮೋಹನ ಶೆಟ್ಟರು ಎಂದ ಕೂಡಲೇ "ಶೆಟ್ಟರು ಕಟ್ಟಿಸಿದ್ದಾ? ಹಾಗಾದರೆ ಒಮ್ಮೆ ನೋಡುವ" ಎಂದು ಸೀರೆ ತೆಗೆದಿಟ್ಟರು. ಟಿಕೆಟ್ ಸುಮಾರು 6500 ಬಿತ್ತು. ಐದು ಜನಕ್ಕೆ ಅಷ್ಟರಲ್ಲಿ ಹೇಗಾಯಿತು ಎನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ಎಲ್ಲರೂ ಅದನ್ನೇ ಮಾಡಿದರೆ ಆ ದಾರಿ ಮುಚ್ಚಿಹೋಗುತ್ತದೆ. ಮಗಳಿಗೆ ಮಾತ್ರ ಮೊದಲೇ ಹೇಳಿದ್ದೆ: ಈ ದುಡ್ಡು ಅಜ್ಜಿಗೆ ಪಾರ್ಕಿನ ಮೆರವಣಿಗೆ ತೋರಿಸಲು, ನಿನಗೆ ಅಲಿಬಾಬಾ ಆಟದ ಲೇಸರ್ ಬಂದೂಕಿಗೆ, ಅಷ್ಟೇ. ನೈಟ್ರೋ ಲೆಕ್ಕದಲ್ಲೇ ಇಲ್ಲ.

ಬೆಳಿಗ್ಗೆ ಮನೆಯಲ್ಲಿ ಗಂಜಿ, ಉಪ್ಪಿನಕಾಯಿ. ಆಮೇಲೆ ಮಧ್ಯಾಹ್ನದವರೆಗೆ ಬಾಳೆಹಣ್ಣು ಬಿಟ್ಟು ಬೇರೇನೂ ಇಲ್ಲ. ಮೊದಲು ಐ ಫಾರ್ ಇಂಡಿಯಾ. ಕೂತ ಸೀಟು ದೊಡ್ಡ ಪರದೆಯ ಮುಂದೆ ತೇಲುತ್ತದೆ, ಕಾಲು ಗಾಳಿಯಲ್ಲಿ, ಕೆಳಗೆ ಭಾರತದ ಊರುಗಳು. ಕಾಲು ಜೋತಾಡುವುದನ್ನು ಕಲಿಯಲು ಇದು ಹೇಳಿ ಮಾಡಿಸಿದ್ದು. ಅಂಕ 6, 2, 0. ಅಲಿಬಾಬಾ ಎರಡು ಸಲ. ನೀರಿಗೆ ಧುಮುಕುವ ರಾಜಾಸಾರಸ್‌ನಲ್ಲಿ "ಹಾ" ಎಂದು ಕೂಗಿದ್ದು ದಡದಲ್ಲಿದ್ದ ನನಗೂ ಕೇಳಿಸಿತು. ಚಿಕ್ಕ ಕೋಸ್ಟರ್ ಗೋಲ್ಡ್ ರಷ್ ಎಕ್ಸ್‌ಪ್ರೆಸ್‌ಗೆ ಒಮ್ಮೆ ಸಾಲಿನಿಂದ ಹೊರಬಂದು ಮತ್ತೆ ಹೋಗಿ ಹತ್ತಿದಳು. ಸಲೀಮ್‌ಗಢ ಎಂಬ ಕತ್ತಲೆಯ ದೆವ್ವದ ಮನೆಯ ಹತ್ತಿರ ಹೋಗಲಿಲ್ಲ. ಕತ್ತಲಿನ ಭಯ ಬೇರೆ ಜಾತಿಯದು, ಒಂದೇ ದಿನ ಎರಡನ್ನು ಬೆರೆಸಬಾರದು.

ಊಟದ ನಂತರ ಒಂದು ಗಂಟೆ ನೈಟ್ರೋ ಎದುರಿನ ನೆರಳಲ್ಲಿ ಸುಮ್ಮನೆ ಕೂತೆವು. ಸ್ವಿಟ್ಜರ್ಲೆಂಡಿನ ಬೊಲಿಗರ್ ಅಂಡ್ ಮಬಿಯಾರ್ ಕಂಪನಿ ಮಾಡಿದ ಕೋಸ್ಟರ್, 40 ಮೀಟರ್ ಎತ್ತರ, ಐದು ಸಲ ತಲೆಕೆಳಗು, ಕಾಲ ಕೆಳಗೆ ನೆಲವಿಲ್ಲದ ಸೀಟು. ಇವಳು ಅಪ್ಪನ ವಾಚ್ ಹಿಡಿದು ತುದಿಯಿಂದ ಬ್ರೇಕ್ ಹಿಡಿಯುವವರೆಗೆ ಎಣಿಸಿದಳು. ಅವಳ ಎಣಿಕೆಯಲ್ಲಿ ಒಂದು ನಿಮಿಷದೊಳಗೆ ಮುಗಿಯುತ್ತಿತ್ತು. "ಜೋಕಾಲಿಯಲ್ಲಿ ನಾನು ಹತ್ತು ನಿಮಿಷ ಇರುತ್ತೇನೆ" ಎಂದಳು. ನಾನು ಏನೂ ಹೇಳಲಿಲ್ಲ.

ಆಮೇಲೆ ನಡೆದದ್ದು ನನ್ನ ವಿಧಾನದ ತಿರುಳು. ಒಂದನೇ ಸಲ ಪ್ಲಾಟ್‌ಫಾರ್ಮ್‌ವರೆಗೆ ಹೋಗಿ, ಅಲ್ಲಿಯ ಸಿಬ್ಬಂದಿಗೆ ಹೇಳಿ, ಹತ್ತದೆ ಆಚೆ ಬದಿಯಿಂದ ಇಳಿದು ಬಂದೆವು. ಅವರು ನಗುತ್ತಾ ದಾರಿ ತೋರಿಸಿದರು, ಹತ್ತದೆ ಹಿಂತಿರುಗುವವರು ಅವರಿಗೆ ಹೊಸಬರಲ್ಲ. ಎರಡನೇ ಸಲ ಅಣ್ಣ ಹತ್ತಿದ, ನಾವು ಬೆಲ್ಟು, ಭುಜದ ಪಟ್ಟಿ ಬೀಳುವುದನ್ನು ಹತ್ತಿರದಿಂದ ನೋಡಿ ಇಳಿದೆವು. ನಮ್ಮನೆಯವರು ಕೆಳಗೆ ನಿಂತು "ಬಿಡು, ಸಾಕು" ಎಂಬಂತೆ ಕೈ ಮಾಡಿದರು. ಮೂರನೇ ಸಲ ಮೆಟ್ಟಿಲ ನಡುವೆ ಅವಳ ಬೆರಳು ನನ್ನ ಕೈಯನ್ನು ಒಮ್ಮೆ ಒತ್ತಿತು. ಕಾದೆ. ಎರಡನೆಯದು ಬರಲಿಲ್ಲ.

ನಡುವಿನ ಸಾಲಿನಲ್ಲಿ ಕೂತೆವು. ಹಿಂದಿನ ಸಾಲನ್ನು ತುದಿಯಿಂದ ಎಳೆದು ಎಸೆದಂತಾಗುತ್ತದೆ, ಮುಂದಿನದರಲ್ಲಿ ಕಣ್ಣೆದುರೇ ಬಯಲು, ಹೊಸಬರಿಗೆ ಎರಡೂ ಬೇಡ. ಏರುವಾಗ ಅವಳ ಕಿವಿಯಲ್ಲಿ ಒಂದು ಮಾತು ಹೇಳಿದೆ. ಅದು ನಮ್ಮಿಬ್ಬರ ನಡುವಿನದು. ಬಿದ್ದಾಗ ಅವಳ "ಹಾ" ನನ್ನದಕ್ಕಿಂತ ಜೋರಾಗಿತ್ತು. ಪುಸ್ತಕದಲ್ಲಿ ಬರೆದ ಅಂಕ 8, 4, 0, ಸೊನ್ನೆಗೆ ಎರಡು ಸುತ್ತು. ಎರಡನೇ ಸಲ ಅಣ್ಣನ ಜೊತೆ ಹೋದಳು, ನನ್ನನ್ನು ಕರೆಯಲಿಲ್ಲ. ಕೆಳಗೆ ನಮ್ಮನೆಯವರು ಕಣ್ಣು ಒರೆಸಿಕೊಂಡರು. ಅತ್ತೆ ಸಂಜೆಯ ಮೆರವಣಿಗೆ ಮುಗಿಯುವವರೆಗೂ ಎದ್ದೇಳಲಿಲ್ಲ.

ಮರುದಿನ ಪುಣೆಯಿಂದ ಅತ್ತಿಗೆಯ ಫೋನು. ಅವರ ಎಂಟು ವರ್ಷದ ಮಗ ಲಿಫ್ಟಿಗೂ ಹತ್ತುವುದಿಲ್ಲ, ಮೇ ರಜೆಯಲ್ಲಿ ಕಳಿಸುತ್ತೇನೆ, ನೀನೇ ಸರಿ ಮಾಡು ಎಂದರು. ಮೇ ಆಗುವುದಿಲ್ಲ ಅತ್ತಿಗೆ, ನಾಲ್ಕು ತಿಂಗಳು ಬೇಕು, ಮಳೆ ಮುಗಿಯಲಿ, ಅಕ್ಟೋಬರಿನ ಒಂದು ಸೋಮವಾರ ನೋಡುವ ಎಂದೆ. ಮಗಳು ಆಗಲೇ ಹೊಸ ನೋಟ್‌ಬುಕ್ಕಿಗೆ ಮೂರು ಕಾಲಂ ಗೀಟು ಹಾಕಿ, ಮೊದಲ ಪುಟದಲ್ಲಿ "ಜೋಕಾಲಿ, ಬೆಳಿಗ್ಗೆ ಆರೂವರೆ" ಎಂದು ಬರೆದು, ಅವನಿಗೆ ಕೊರಿಯರ್ ಮಾಡಲು ನನ್ನ ಕೈಗೆ ಕೊಟ್ಟಳು.