ಮೊದಲು ಸಿಕ್ಕಿದ್ದು ವಡಾಪಾವ್, ಡಿಎನ್‌ಎ ಆಮೇಲೆ

ಸ್ಟ್ರಾಬೆರಿಯಿಂದ ಡಿಎನ್‌ಎ ತೆಗೆಯುವುದು ದೊಡ್ಡ ವಿದ್ಯೆಯೇನಲ್ಲ. ಚಳಿಗಾಲದಲ್ಲಿ ಮಹಾಬಳೇಶ್ವರದ ಹಣ್ಣು ಮುಂಬೈಯ ದಾದರಿನ ಫುಟ್‌ಪಾತಿಗೇ ಬಂದು ಬೀಳುತ್ತದೆ. ಅದರ ಕೋಶದಲ್ಲಿ ಡಿಎನ್‌ಎ ಹೊತ್ತ ವರ್ಣತಂತುಗಳು 8 ಪ್ರತಿ ಇರುವುದರಿಂದ ಹಿಸುಕಿದರೆ ಕಡ್ಡಿಗೆ ಸುತ್ತುವಷ್ಟು ಸಿಗುತ್ತದೆ. ಅದನ್ನೇ ತೋರಿಸಿ ಬೀಗುತ್ತಿದ್ದೆ. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು, "ಸರ್, ಇದು ಹಣ್ಣಿಂದು. ನಂದು ಯಾವಾಗ ತೋರಿಸ್ತೀರಿ?" ಅಂದಳು.

ನಮ್ಮ ಕನ್ನಡ ಮಾಧ್ಯಮದ ಕ್ಲಾಸು ಅಂದರೆ 14 ಮಕ್ಕಳು. ಲ್ಯಾಬ್ ಅಂದರೆ ಎರಡು ಕಪಾಟು. ಮಕ್ಕಳ ಉಗುಳಿನಿಂದಲೇ ಡಿಎನ್‌ಎ ತೆಗೆಯುವ ವಿಷಯ ಸ್ಟಾಫ್ ರೂಮಿನಲ್ಲಿ ತೆಗೆದರೆ ಗಣಿತದ ಮಾಷ್ಟ್ರು ನಕ್ಕರು: "ಉಗುಳಿನಲ್ಲಿ ಕಫ ಬಿಟ್ಟು ಬೇರೆಂತ ಸಿಗ್ತದೆ ಮಾರಾಯ್ರೆ?"

ಬಾಯಿ ಮುಕ್ಕಳಿಸಿ ಉಗುಳಿದ ಉಪ್ಪುನೀರಿಗೆ ಆಲ್ಕೋಹಾಲ್ ಸುರಿದರೆ ಡಿಎನ್‌ಎ ಎಳೆಯಾಗಿ ಬೇರೆಯಾಗುತ್ತದೆ. ಕೋವಿಡ್ ಕಾಲದ ಸ್ಯಾನಿಟೈಸರ್ ಕ್ಯಾನುಗಳು ಶಾಲೆಯಲ್ಲಿ ಹಾಗೇ ಬಿದ್ದಿದ್ದವು. ಪುಕ್ಕಟೆ ಸಿಕ್ಕಿತಲ್ಲ ಎಂದು ಅದನ್ನೇ ಸುರಿದೆ. 70 ಪರ್ಸೆಂಟಿನದು, ನೀರು ಜಾಸ್ತಿ. ಎಳೆ ಕಟ್ಟಲೇ ಇಲ್ಲ. ಮುಂದಿನ ವಾರ ಪ್ರಿನ್ಸೆಸ್ ಸ್ಟ್ರೀಟಿಗೆ ಹೋಗಿ 99 ಪರ್ಸೆಂಟಿನ ಐಸೊಪ್ರೊಪೈಲ್ ಆಲ್ಕೋಹಾಲ್ ತಂದೆ. ಅರ್ಧ ಲೀಟರಿಗೆ 300ರ ಆಸುಪಾಸು ಕೊಟ್ಟ ನೆನಪು. ರಿಸೆಸ್ ಮುಗಿದ ಕೂಡಲೇ ಮಾಡಿಸಿದೆ. ಬಿಳಿ ಬಿಳಿ ತುಣುಕು ಕಂಡಿತು, ಮಕ್ಕಳು ಕುಣಿದರು, ನಾನು ಫೋಟೊ ತೆಗೆದು ಪಾಲಕರ ಗ್ರೂಪಿಗೂ ಹಾಕಿದೆ. ಸಂಜೆ ಯಾಕೋ ಅನುಮಾನ ಬಂದು ಒಂದು ಹನಿ ಅಯೋಡಿನ್ ಬಿಟ್ಟೆ. ಕಡುನೀಲಿ! ಅಂದರೆ ಪಿಷ್ಟ. ಅಷ್ಟೂ ವಡಾಪಾವಿನ ಪಾವು. ಫೋಟೊ ಅಳಿಸುವಷ್ಟರಲ್ಲಿ ಗಣಿತದವರು ನೋಡಿಯಾಗಿತ್ತು.

ಈಗ ಮೊದಲ ಪೀರಿಯಡ್‌ನಲ್ಲೇ ಮಾಡಿಸುತ್ತೇನೆ. ಬರೀ ನೀರಲ್ಲಿ ಎರಡು ಸಲ ಬಾಯಿ ಮುಕ್ಕಳಿಸಿದ ಮೇಲೆಯೇ ಉಪ್ಪುನೀರು. ಅದನ್ನು ಗಡಿಯಾರ ನೋಡಿಕೊಂಡು ಒಂದು ನಿಮಿಷ, ಕೆನ್ನೆಯ ಒಳಗನ್ನು ಹಲ್ಲಿಗೆ ಉಜ್ಜುತ್ತಾ. ಹುಡುಗರು 20 ಸೆಕೆಂಡಿಗೇ ಉಗುಳಿಬಿಡುತ್ತಾರೆ, ಸೋಲುವುದು ಅಲ್ಲೇ. ಅವರವರ ಲೋಟ, ಅವರವರ ಟ್ಯೂಬು. ಕೋಶದ ಪೊರೆ ಒಡೆಯಲು ಪಾತ್ರೆ ತೊಳೆಯುವ ಲಿಕ್ವಿಡ್ ಕೆಲವೇ ಹನಿ; ಓರೆ ಮಾಡಿ ತಿರುಗಿಸಬೇಕು, ಕುಲುಕಿದರೆ ಬರೀ ನೊರೆ.

ಅಕ್ಟೋಬರಿನ ಸೆಕೆಗೆ ಆಲ್ಕೋಹಾಲ್ ಬೆಚ್ಚಗಾಗಿ ಇನ್ನೆರಡು ಬ್ಯಾಚ್ ಹಾಳಾಯಿತು. ಪಕ್ಕದ ಶೆಟ್ರ ಹೋಟೆಲಿನ ಫ್ರೀಜರ್ ಕೇಳಿದೆ. "ಬೆಂಕಿ ಹತ್ತುವ ಸಾಮಾನು ನನ್ನ ಅಡುಗೆಮನೆಗೆ ಬೇಡ ಮಾಷ್ಟ್ರೆ" ಎಂದರು. ಅವರ ಮಾತು ಸರಿಯೇ. ದಾರಿ ತೋರಿಸಿದ್ದು ಗೇಟಿನ ಹೊರಗಿನ ಮಟಕಾ ಕುಲ್ಫಿಯವ. ಬರ್ಫಿಗೆ, ಅಂದರೆ ಐಸಿಗೆ, ಕಲ್ಲುಪ್ಪು! 40 ರೂಪಾಯಿಯ ಬರ್ಫು ಜಜ್ಜಿ ಉಪ್ಪು ಕಲಸಿ ಬಾಟಲಿ ಹುಗಿದೆ. ನಮ್ಮ ಥರ್ಮಾಮೀಟರಿನ ಗೆರೆ ಮುಗಿಯುವುದು ಮೈನಸ್ 10ಕ್ಕೆ, ಅಲ್ಲಿಗೇ ಹೋಗಿ ಕೂತಿತು.

ಇನ್ನು ಡಿಎನ್‌ಎಗೆ ಅಂಟಿಕೊಂಡಿರುವ ಪ್ರೋಟೀನಿನ ಕಾಟ. 1869ರಲ್ಲಿ ಜರ್ಮನಿಯ ಟ್ಯೂಬಿಂಗನ್‌ನಲ್ಲಿ ವಿಜ್ಞಾನಿ ಮೀಶರ್ ಕೀವು ಹತ್ತಿದ ಬ್ಯಾಂಡೇಜಿನಿಂದ ಡಿಎನ್‌ಎಯನ್ನೇ ತೆಗೆಯುವಾಗ ಪ್ರೋಟೀನ್ ಕರಗಿಸಲು ಹಂದಿ ಹೊಟ್ಟೆಯ ಪೆಪ್ಸಿನ್ ಎಂಬ ಕಿಣ್ವ ಬಳಸಿದ್ದ. ಅದೇ ಕೆಲಸಕ್ಕೆ ನಾನು ಪಪ್ಪಾಯಿಕಾಯಿಯ ರಸ ಹಾಕಿದೆ. ಅನಾನಸು ಕೂಡ ನೋಡಿದೆ, ನನಗೆ ಹಿಡಿಸಲಿಲ್ಲ. ಆಗ ಗಣಿತದವರು ಸರಿಯಾದ ಜಾಗಕ್ಕೇ ತಿವಿದರು: "ಅದು ಪಪ್ಪಾಯಿಯದೇ ಡಿಎನ್‌ಎ ಅಲ್ಲ ಅಂತ ಹೇಗೆ?"

ಆವತ್ತಿನಿಂದ ಉಗುಳೊಂದು ಬಿಟ್ಟು ಉಳಿದದ್ದೆಲ್ಲ ಹಾಕಿದ ಒಂದು ಟ್ಯೂಬು ಪಕ್ಕದಲ್ಲಿ ಇಡುತ್ತೇನೆ. ಮೊದಲ ದಿನ ಅದರಲ್ಲೂ ಎಳೆ ಬಂದು ಮಾನ ಹೋಯಿತು. ರಸ ಸೋಸುವ ರೀತಿ ಬದಲಿಸಿದ ಮೇಲೆ ಅಲ್ಲಿ ತೆಳು ಮಬ್ಬು ಮಾತ್ರ. ಹೇಗೆ ಸೋಸುತ್ತೇನೆ, ಎಷ್ಟು ಹನಿ ಹಾಕುತ್ತೇನೆ ಎನ್ನುವುದು ಇಲ್ಲಿ ಬೇಡ. ಎರಡು ವರ್ಷ ಕೈಯಿಂದ ದುಡ್ಡು ಹಾಕಿದವ ನಾನು.

ಹತ್ತು ನಿಮಿಷ ಬಿಟ್ಟು, ತಣ್ಣನೆಯ ಆಲ್ಕೋಹಾಲ್ ಟ್ಯೂಬಿನ ಗೋಡೆಗುಂಟ ಇಳಿಸಬೇಕು. ಎರಡು ಪದರದ ನಡುವೆ ಮೊದಲು ಮೋಡ, ಆಮೇಲೆ ಗುಳ್ಳೆ ಹಿಡಿದು ಮೇಲೇಳುವ ಬಿಳಿ ನೂಲು. ಕಳೆದ ಜನವರಿಯಲ್ಲಿ 14ರಲ್ಲಿ 12 ಮಕ್ಕಳಿಗೆ ಬಂತು. ಹಾಳಾದದ್ದು ಒಟ್ಟು 1,800 ರೂಪಾಯಿ ಇರಬಹುದು. ಈಗ ತಲೆಗೆ 15ರೊಳಗೆ ಮುಗಿಯುತ್ತದೆ.

ಗಣಿತದವರನ್ನೂ ಎಳೆದು ತಂದು ಮುಕ್ಕಳಿಸುವಂತೆ ಮಾಡಿದೆ. ಅವರ ನೂಲೇ ಎಲ್ಲರಿಗಿಂತ ಉದ್ದ ಬರಬೇಕೇ! ಇಂಜೆಕ್ಷನ್ ಬಾಟಲಿಯಲ್ಲಿ ಹಾಕಿ ಮೇಜಿನ ಮೇಲೆ ಇಟ್ಟುಕೊಂಡಿದ್ದಾರೆ. ಆಲ್ಕೋಹಾಲ್ ಆರಿತೆಂದು ಮೊನ್ನೆ ಇನ್ನಷ್ಟು ಕೇಳಲು ಬಂದಿದ್ದರು.